ಕೊಳವೆಬಾವಿಯಲ್ಲಿ ಕ್ರೋಮಿಯಂ: ನೆಲದಿಂದ ತೆಗೆಯಲು ಸಾಧ್ಯವೇ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಬಡಾವಣೆಯಲ್ಲಿದೆ. ಕೊಳವೆಬಾವಿಯ ನೀರಿನಲ್ಲಿ ಲೀಟರಿಗೆ 0.4 ಮಿಲಿಗ್ರಾಂ ಹೆಕ್ಸಾವೇಲೆಂಟ್ ಕ್ರೋಮಿಯಂ ಇದೆಯೆಂದು ವರದಿ ಬಂದಿದೆ. ಕುದಿಸಿ ಕುಡಿಯಬಹುದೇ? ನೆಲವನ್ನೇ ಶುದ್ಧಗೊಳಿಸುವ ಉಪಾಯವಿಲ್ಲವೇ?

ಉತ್ತರ: ಕುದಿಸಿ ಪ್ರಯೋಜನವಿಲ್ಲ. ಆವಿಯಾಗುವುದು ನೀರೇ ಹೊರತು ಕ್ರೋಮಿಯಂ ಅಲ್ಲವಾದ್ದರಿಂದ, ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500ರಂತೆ ಕುಡಿಯುವ ನೀರಿನಲ್ಲಿ ಒಟ್ಟು ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಂ ಮೀರಬಾರದು. ನಿಮ್ಮ ನೀರಿನಲ್ಲಿ ಅದರ ಎಂಟು ಪಟ್ಟು ಇದೆ. ಕುಡಿಯಲು, ಅಡುಗೆಗೆ ಇಂದಿನಿಂದಲೇ ಬೇರೆ ನೀರು ಬಳಸಿ. ಆರ್‌ಒ ಯಂತ್ರವು ಕ್ರೋಮಿಯಂ ಅನ್ನು ಬಹುಮಟ್ಟಿಗೆ ತಡೆಯುತ್ತದೆ, ಆದರೆ ಶೋಧಿಸಿದ ನೀರನ್ನು ಪರೀಕ್ಷಿಸದೆ ಅದನ್ನು ನಂಬಬೇಡಿ. ಯಂತ್ರ ಹೊರಹಾಕುವ ನೀರನ್ನು ಕೈತೋಟಕ್ಕೆ ಹರಿಸಲೂ ಬೇಡಿ.

ಇನ್ನು ನೆಲದ ಮಾತು. ವಿದ್ಯುತ್ ಹಾಯಿಸಿ ಲೋಹಕ್ಕೆ ಲೇಪ ಕೊಡುವ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳ ಕ್ರೋಮಿಕ್ ಆಮ್ಲದಲ್ಲಿರುವುದು ಆರು ವೇಲೆನ್ಸಿಯ, ಅಂದರೆ ಹೆಕ್ಸಾವೇಲೆಂಟ್, ಕ್ರೋಮಿಯಂ; ಅದು ನೀರಿನಲ್ಲಿ ಸುಲಭವಾಗಿ ಕರಗಿ ಅಂತರ್ಜಲದೊಡನೆ ದೂರ ಸಾಗುತ್ತದೆ, ಕ್ಯಾನ್ಸರ್‌ಕಾರಕವೂ ಹೌದು. ಮೂರು ವೇಲೆನ್ಸಿಯ ರೂಪವಾದರೋ ಆಮ್ಲೀಯವಲ್ಲದ ನೀರಿನಲ್ಲಿ ಹೈಡ್ರಾಕ್ಸೈಡ್ ಆಗಿ ತಳಕ್ಕಿಳಿದು ಮಣ್ಣಿಗೆ ಅಂಟಿಕೊಳ್ಳುತ್ತದೆ. ಅದರ ವಿಷತ್ವವೂ ಬಹಳ ಕಡಿಮೆ. ಹೀಗಾಗಿ 'ಶುದ್ಧೀಕರಣ' ಎಂದು ನಾವು ಕರೆಯುವುದರಲ್ಲಿ ಬಹುಪಾಲು, ಲೋಹವನ್ನು ಹೊರತೆಗೆಯುವ ಕೆಲಸವಲ್ಲ, ಅದರ ರೂಪ ಬದಲಿಸಿ ಇದ್ದಲ್ಲೇ ಕಟ್ಟಿಹಾಕುವ ಕೆಲಸ. ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್ ಇದಕ್ಕೆ ಅಗ್ಗದ ಸಾಧನ: ಲೆಕ್ಕದ ಪ್ರಕಾರ ಒಂದು ಕಿಲೋ ಕ್ರೋಮಿಯಂಗೆ ಸುಮಾರು 16 ಕಿಲೋ ಬೇಕು, ನೆಲದಲ್ಲಿ ಇನ್ನೂ ಹೆಚ್ಚು. ಕಾಕಂಬಿಯಂಥ ಆಹಾರವನ್ನು ನೆಲದೊಳಕ್ಕೆ ಬಿಟ್ಟು ಅಲ್ಲಿನ ಬ್ಯಾಕ್ಟೀರಿಯಾಗಳಿಂದಲೇ ಇದೇ ಕೆಲಸ ಮಾಡಿಸುವುದೂ ಉಂಟು. ಆದರೆ ಮಣ್ಣಿನಲ್ಲಿ ಮ್ಯಾಂಗನೀಸ್ ಆಕ್ಸೈಡ್ ಇದ್ದರೆ ಮೂರರ ರೂಪ ಮತ್ತೆ ಆರಕ್ಕೆ ತಿರುಗಬಲ್ಲದು, ಆದ್ದರಿಂದ ವರ್ಷಗಟ್ಟಲೆ ನಿಗಾ ತಪ್ಪದು. ಗಿಡ ನೆಟ್ಟು ಕ್ರೋಮಿಯಂ ಹೀರಿಸುವ ಸಲಹೆಗಳಲ್ಲಿ ನನಗೆ ಹೆಚ್ಚು ಭರವಸೆಯಿಲ್ಲ. ಹೀರಿದ್ದರಲ್ಲಿ ಬಹುಭಾಗ ಬೇರಿನಲ್ಲೇ ಉಳಿಯುತ್ತದೆ.

ಅಮೆರಿಕದ ಎಲಿಜಬೆತ್ ಸಿಟಿಯಲ್ಲಿ 1996ರಲ್ಲಿ ಪ್ಲೇಟಿಂಗ್ ಘಟಕವೊಂದರ ಕ್ರೋಮಿಯಂ ತಡೆಯಲು ಸುಮಾರು 46 ಮೀಟರ್ ಉದ್ದ, 7 ಮೀಟರಿಗೂ ಹೆಚ್ಚು ಆಳದ ಕಂದಕ ತೋಡಿ, ಇದೇ ರೂಪ ಬದಲಾವಣೆಗಾಗಿ ಕಬ್ಬಿಣದ ಚೂರು ತುಂಬಿ ನೆಲದೊಳಗೆ ಗೋಡೆಯಂತೆ ಮಾಡಿದರು. ಹರಿದು ಬಂದ ನೀರು ಆ ಗೋಡೆಯನ್ನು ದಾಟುವಾಗಲೇ ಶುದ್ಧವಾಯಿತು. ಅಲ್ಲಿನದು ಮರಳು ಬೆರೆತ ನೆಲ. ಪೀಣ್ಯದಲ್ಲಿ ನೀರು ಹರಿಯುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಅಲ್ಲಿ ಇಂಥ ಗೋಡೆ ಕಟ್ಟಲಾಗದು, ರಾಸಾಯನಿಕ ಇಳಿಸಿದರೂ ಅದು ಯಾವ ಬಿರುಕು ಹಿಡಿಯುತ್ತದೆಂದು ಮೊದಲೇ ಹೇಳುವುದು ಕಷ್ಟ. ಮೇಲ್ಪದರದ ಕೆಟ್ಟ ಮಣ್ಣನ್ನು ಅಗೆದು ಸುರಕ್ಷಿತ ಭರ್ತಿ ತಾಣಕ್ಕೆ ಸಾಗಿಸುವುದು, ಆಯ್ದ ಬಾವಿಗಳಿಂದ ನೀರೆತ್ತಿ ಸಂಸ್ಕರಿಸುವುದು ಇಲ್ಲಿ ಹೆಚ್ಚು ಸೂಕ್ತ. ಮೂಲವನ್ನು ಮುಚ್ಚದೆ ಇವೆರಡೂ ವ್ಯರ್ಥ: ತಮಿಳುನಾಡಿನ ರಾಣಿಪೇಟೆಯಲ್ಲಿ ಕ್ರೋಮಿಯಂ ರಾಸಾಯನಿಕಗಳ ಕಾರ್ಖಾನೆಯೊಂದು 1990ರ ದಶಕದಲ್ಲೇ ಮುಚ್ಚಿದರೂ, ಬಯಲಿನಲ್ಲಿ ಬಿಟ್ಟುಹೋದ ಲಕ್ಷ ಟನ್ನಿಗೂ ಮೀರಿದ ತ್ಯಾಜ್ಯದಿಂದ ಮಳೆ ಬಂದಾಗಲೆಲ್ಲ ಕ್ರೋಮಿಯಂ ಇಳಿಯುತ್ತಲೇ ಇತ್ತು.

ಇದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಫೆರಸ್ ಸಲ್ಫೇಟ್ ತಂದು ಬಾವಿಗೆ ಸುರಿಯುವ ಸಾಹಸ ಬೇಡ. ಅಕ್ಕಪಕ್ಕದ ಬಾವಿಗಳ ನೀರನ್ನೂ ಪರೀಕ್ಷಿಸಿ, ವರದಿಗಳನ್ನು ಒಟ್ಟಿಗೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕೊಡಿ. ಬಳಕೆಯಲ್ಲಿಲ್ಲದ ಕೊಳವೆಬಾವಿಗಳಿದ್ದರೆ ತಿಳಿದವರಿಂದ ತಳದಿಂದ ಮೇಲಿನವರೆಗೆ ಸಿಮೆಂಟ್ ತುಂಬಿಸಿ ಮುಚ್ಚಿಸಿ. ಮೇಲ್ಪದರದ ಕಲುಷಿತ ನೀರು ಆಳದ ಬಿರುಕುಗಳಿಗೆ ಇಳಿಯಲು ಅವೇ ನೇರ ದಾರಿ.