ಶೋಟೋಕಾನ್ ಕಲಿತವಳು ಗೋಜು-ರ್‍ಯೂ ತರಗತಿಗೆ ಸೇರಿದರೆ?

ಮಗಳು ಮೂರು ವರ್ಷ ಶೋಟೋಕಾನ್ ಶೈಲಿಯ ಕರಾಟೆ ಕಲಿತಿದ್ದಾಳೆ, ಹೊಸ ಊರಲ್ಲಿ ಗೋಜು-ರ್‍ಯೂ ಎಂಬ ಇನ್ನೊಂದು ಶೈಲಿ ಮಾತ್ರ ಇದೆ, ಕಲಿತದ್ದೆಲ್ಲ ವ್ಯರ್ಥವೇ ಅಂತ ಕೇಳಿದ್ದೀರಿ. ಖಂಡಿತ ಇಲ್ಲ, ಧೈರ್ಯವಾಗಿ ಸೇರಿಸಿ.

ಎರಡರ ಬೇರೂ ಜಪಾನಿನ ಓಕಿನಾವಾ ದ್ವೀಪದಲ್ಲೇ. ಶೋಟೋಕಾನ್‌ನ ಸ್ಥಾಪಕ ಫುನಾಕೋಶಿ 1922ರಲ್ಲಿ ಟೋಕಿಯೋಗೆ ಬಂದು ಕರಾಟೆ ತೋರಿಸಿದರು. ಗೋಜು-ರ್‍ಯೂ ಮಿಯಾಗಿ ಚೋಜುನ್ ಅವರದು. 'ಗೋ' ಅಂದರೆ ಗಡಸು, 'ಜು' ಅಂದರೆ ಮೃದು.

ಅವಳಿಗೆ ಮೊದಲು ಕಷ್ಟವಾಗುವುದು ಕಾಲು. ಶೋಟೋಕಾನ್‌ನಲ್ಲಿ ಹೆಜ್ಜೆ ಉದ್ದ, ಸೊಂಟ ತಗ್ಗು, ದೂರದಿಂದ ನುಗ್ಗಿ ಹೊಡೆತ. ಗೋಜು-ರ್‍ಯೂನಲ್ಲಿ ಸಾಂಚಿನ್ ಎಂಬ ನಿಲುವು: ಮುಂದಿನ ಹಿಮ್ಮಡಿ, ಹಿಂದಿನ ಕಾಲಿನ ಬೆರಳು ಒಂದೇ ಗೆರೆಗೆ, ಪಾದ ತುಸು ಒಳಕ್ಕೆ, ಮಂಡಿ ಸ್ವಲ್ಪ ಬಾಗಿರಬೇಕು. ನಾನೂ ಹೀಗೇ ಬದಲಾಯಿಸಿದವನು. ಮೊದಲ ತಿಂಗಳು ಪ್ರತಿ ಸಲ ಕಾಲು ತಾನಾಗಿ ಉದ್ದಕ್ಕೆ ಜಾರುತ್ತಿತ್ತು. ಇಲ್ಲಿ ಅಭ್ಯಾಸದಲ್ಲಿ ಜೋರಾಗಿ ಉಸಿರಾಡುವ ಶಬ್ದ ಕೇಳಿ ಅವಳಿಗೆ ವಿಚಿತ್ರ ಅನ್ನಿಸಬಹುದು. ತಡೆಗಳೂ ಹೆಚ್ಚು ಚಕ್ರಾಕಾರ, ಎದುರಾಳಿಯ ಕೈಗೆ ಅಂಟಿಕೊಂಡೇ ಹತ್ತಿರ ಹೋಗುವಂಥವು.

ಕಾತಾಗಳು (ಒಬ್ಬರೇ ಮಾಡುವ ನಿಗದಿತ ಚಲನೆಗಳ ಸರಣಿ) ಬೇರೆ; ಶೋಟೋಕಾನ್‌ನ ಹೇಯಾನ್ ಕಾತಾಗಳ ಬದಲು ಗೆಕಿಸಾಯಿ ಕಾತಾಗಳನ್ನು ಕಲಿಯಬೇಕು. ಬೆಲ್ಟ್ ಒಪ್ಪುತ್ತಾರೋ ಇಲ್ಲವೋ ಆ ಶಿಕ್ಷಕರನ್ನೇ ಕೇಳಿ. ಒಪ್ಪದಿದ್ದರೂ ಬೇಜಾರಾಗಬೇಡಿ, ಮೂರು ವರ್ಷದಲ್ಲಿ ಬಂದ ಸಮತೋಲನ, ಸೊಂಟದ ಬಳಕೆ ಎಲ್ಲೂ ಹೋಗಲ್ಲ. ಹೇಯಾನ್‌ಗಳನ್ನು ಮಾತ್ರ ಮನೆಯಲ್ಲಿ ವಾರಕ್ಕೊಮ್ಮೆ ಮಾಡಿಸಿ, ಮರೆತರೆ ನಿಜಕ್ಕೂ ನಷ್ಟ.