ಓದುಗರ ಪ್ರಶ್ನೆ: ಆಲ್ಟೊದ ಮಜಾನೋ, ಲ್ಯಾಂಬೊರ್ಗಿನಿಯ ಮಜಾನೋ?

ಪ್ರಶ್ನೆ: ನನ್ನದು ಹಳೆಯ ಆಲ್ಟೊ 800. ಓಡಿಸುವ ಮಜಾ ಬೇಕಾದರೆ ಸೂಪರ್‌ಕಾರೇ ಆಗಬೇಕು ಅಂತ ಗೆಳೆಯರು ಚುಡಾಯಿಸುತ್ತಾರೆ. ಚಿಕ್ಕ ಕಾರಿನಲ್ಲೇ ಹೆಚ್ಚು ಮಜಾ ಎನ್ನುವವರೂ ಇದ್ದಾರೆ. ಯಾವುದು ಸರಿ? (ವಿದ್ಯಾನಗರ, ದಾವಣಗೆರೆ)

ಉತ್ತರ: ನಮ್ಮ ರಸ್ತೆಗೆ ಆಲ್ಟೊ. ರೇಸ್ ಟ್ರ್ಯಾಕಿಗೆ ಸೂಪರ್‌ಕಾರ್, ಅಲ್ಲಿ ವಾದವೇ ಬೇಡ.

ಲ್ಯಾಂಬೊರ್ಗಿನಿ ಹುರಾಕಾನ್ 610-4ರದು ಹತ್ತು ಸಿಲಿಂಡರ್, 5.2 ಲೀಟರ್, 610 ಪಿ.ಎಸ್. (ಅಶ್ವಶಕ್ತಿ). ನಿಂತಲ್ಲಿಂದ 100 ಕಿ.ಮೀ. ವೇಗಕ್ಕೆ 3.2 ಸೆಕೆಂಡು ಸಾಕು. ನಾಲ್ಕು ಪಥದ ಹೆದ್ದಾರಿಯಲ್ಲಿ ಕೇಂದ್ರ ಸರ್ಕಾರ ಕಾರಿಗೆ ಇಟ್ಟಿರುವ ಮಿತಿಯೇ 100. ನಾಲ್ಕು ಎಣಿಸುವಷ್ಟರಲ್ಲಿ ಆಟ ಮುಗೀತು. ಆಮೇಲೆ ಚಿತ್ರದುರ್ಗದವರೆಗೂ ಕಾಲು ಬಿಗಿಹಿಡಿದು ಕೂರಬೇಕು. ನಿಮ್ಮ ಆಲ್ಟೊದ್ದು 796 ಸಿ.ಸಿ., ಮೂರು ಸಿಲಿಂಡರ್, 48 ಪಿ.ಎಸ್. ಎಳೆತ ಚೆನ್ನಾಗಿ ಸಿಗುವುದು 3,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಆಸುಪಾಸಿನಲ್ಲಿ. ತೀರಾ ಕೆಳಗಿಳಿದರೆ ಎಂಜಿನ್ ಗೊಣಗುತ್ತದೆ, ಮೈ ನಡುಗಿಸುತ್ತದೆ. ಯಾವಾಗ ಯಾವ ಗೇರು ಎಂದು ಕಿವಿಯಿಟ್ಟು ತೀರ್ಮಾನಿಸಬೇಕಾದವರು ನೀವೇ. ಮಜಾ ಇರುವುದು ಆ ಕೆಲಸದಲ್ಲಿ.

ಅಗಲವನ್ನೂ ನೋಡಿ. ಒಂಟಿ ಪಥದ ಹಳ್ಳಿ ರಸ್ತೆಯ ಡಾಂಬರು 3.75 ಮೀಟರ್. ಆಲ್ಟೊ 1.49 ಮೀಟರ್, ಹುರಾಕಾನ್ 1.92. ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರು ಮಣ್ಣಿಗಿಳಿಯಬೇಕು ಹೇಳಿ! ಹುರಾಕಾನಿನ ಮುಂದಿನ ಟೈರು 245/30 ಆರ್20 (ಅಗಲ 245 ಮಿ.ಮೀ., ಪಕ್ಕದ ಎತ್ತರ ಅದರ ಶೇ. 30, ರಿಮ್ಮು 20 ಇಂಚು), ಅಂದರೆ ರಿಮ್ಮಿಗೂ ರಸ್ತೆಗೂ ನಡುವೆ ರಬ್ಬರು 73 ಮಿ.ಮೀ. ಚಿಲ್ಲರೆ. ಆಲ್ಟೊದ 145/80 ಆರ್12ರಲ್ಲಿ 116. ಒಂದೇ ಗುಂಡಿಯಲ್ಲಿ ಆಲ್ಟೊ ಕುಪ್ಪಳಿಸಿ ಹೋಗುತ್ತದೆ, ಹುರಾಕಾನಿನ ರಿಮ್ಮು ಬಾಗುತ್ತದೆ.

ತಿರುವಿನಲ್ಲಿ ಹೀಗೆ ಮಾಡಿ. ನಾಲ್ಕನೇ ಗೇರಿನಲ್ಲಿ 60ರಲ್ಲಿ ಬರುತ್ತಿದ್ದರೆ, ರಸ್ತೆ ನೇರವಿರುವಾಗಲೇ ಬ್ರೇಕ್ ಹಿಡಿದು 40ಕ್ಕೆ ಇಳಿಸಿ, ಮೂರಕ್ಕೆ ಹಾಕಿ, ಆಮೇಲೆ ಸ್ಟೇರಿಂಗ್ ತಿರುಗಿಸಿ. ತಿರುವಿನುದ್ದಕ್ಕೂ ಎಕ್ಸಲರೇಟರ್ ಹಗುರಾಗಿ ಒತ್ತಿರಲಿ, ದಾರಿ ಬಿಚ್ಚಿಕೊಂಡಾಗ ಪೂರ್ತಿ ಕೊಡಿ. ತಪ್ಪುವುದು ಎಲ್ಲಿ ಅಂದರೆ, ತಿರುವಿನ ನಡುವೆ ಗಾಬರಿಯಾಗಿ ಬ್ರೇಕ್ ಒತ್ತುವುದು: ಭಾರವೆಲ್ಲ ಮುಂದಕ್ಕೆ ಬಿದ್ದು ಹಿಂಬದಿ ಹಗುರಾಗಿ ಜಾರುತ್ತದೆ. ಮೂತಿ ಹೊರಗೆ ಎಳೆಯತೊಡಗಿದರೆ ಸ್ಟೇರಿಂಗ್ ಇನ್ನೂ ತಿರುಗಿಸಬೇಡಿ, ಎಕ್ಸಲರೇಟರ್ ಮೇಲಿನ ಕಾಲನ್ನು ಮೆಲ್ಲಗೆ ಸಡಿಲಿಸಿ. ಮುಂದಿನ ಚಕ್ರಕ್ಕೆ ಹಿಡಿತ ಮರಳುತ್ತದೆ.

ಸುಗ್ಗಿಯಲ್ಲಿ ಇನ್ನೊಂದು ಎಚ್ಚರಿಕೆ. ರಸ್ತೆ ಮೇಲೆ ಒಣಹಾಕಿದ ಮೆಕ್ಕೆಜೋಳದ ಕಾಳು ಟೈರಿನಡಿ ಗೋಲಿಯಂತೆ ಉರುಳುತ್ತದೆ. ಅದರ ಮೇಲೆ ಬ್ರೇಕೂ ಬೇಡ, ತಿರುವೂ ಬೇಡ. ಮೊದಲೇ ನಿಧಾನಿಸಿ ನೇರ ದಾಟಿ. ರಾತ್ರಿಯಾದರೆ ರಾಶಿಯ ಅಂಚಿಗಿಟ್ಟ ಕಲ್ಲುಗಳನ್ನೂ ನೋಡಿಕೊಳ್ಳಿ.

ಪ್ರಶ್ನೆ: 70 ದಾಟಿದರೆ ಸ್ಟೇರಿಂಗ್ ನಡುಗುತ್ತದೆ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದರೂ ಹೋಗಿಲ್ಲ. (ಹೊಳಲ್ಕೆರೆ)

ಉತ್ತರ: ಹೋಗುವುದೂ ಇಲ್ಲ. ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ, ಕೆಟ್ಟರೆ ಕಾರು ಒಂದು ಕಡೆ ಎಳೆಯುತ್ತದೆ ಅಥವಾ ಟೈರಿನ ಒಂದು ಅಂಚು ಸವೆಯುತ್ತದೆ. ಒಂದು ವೇಗ ದಾಟಿದ ಮೇಲೆ ನಡುಕ ಬಂದರೆ ಮೊದಲ ಅನುಮಾನ ಬ್ಯಾಲೆನ್ಸಿಂಗ್ (ಚಕ್ರದ ತೂಕ ಸುತ್ತಲೂ ಸಮನಾಗಿರುವುದು) ಮೇಲೆ. ಅದಕ್ಕೂ ಮುಂಚೆ ಚಕ್ರ ಬಿಚ್ಚಿ ರಿಮ್ಮಿನ ಒಳಬದಿ ತೊಳೆಯಿರಿ. ಹೊಲದ ದಾರಿಯ ಎರೆಮಣ್ಣು ಅಲ್ಲಿ ಹೆಪ್ಪುಗಟ್ಟಿದರೆ ಅಷ್ಟೇ ಸಾಕು ನಡುಗಲು. ಆಮೇಲೂ ಉಳಿದರೆ ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ-ಕೆಳಗೆ ಹಿಡಿದು ಅಲ್ಲಾಡಿಸಿ. ಲೂಸಿದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್ (ಚಕ್ರವನ್ನು ಸಸ್ಪೆನ್ಷನ್ನಿಗೆ ಜೋಡಿಸುವ ಗುಂಡುಕೀಲು). ಎಡ-ಬಲ ಹಿಡಿದಾಗ ಮಾತ್ರ ಲೂಸಿದ್ದರೆ ಟೈರಾಡ್ ಎಂಡ್ (ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳಿನ ತುದಿ). ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್ ನೋಡಿಸಿ. ಅಲೈನ್‌ಮೆಂಟ್ ಇದೆಲ್ಲ ಮುಗಿದ ಮೇಲಿನ ಕೆಲಸ, ಮೊದಲಿನದಲ್ಲ.

ಪ್ರಶ್ನೆ: ಆಲ್ಟೊ 800ಕ್ಕೆ ಅಗಲ ಟೈರು ಹಾಕಿಸಬಹುದೇ? (ಚಿತ್ರದುರ್ಗ)

ಉತ್ತರ: ರಿಮ್ಮಿನ ಬೋಲ್ಟ್ ತೂತು ಹೊಂದಿದರೆ 155/65 ಆರ್13ರವರೆಗೆ ಆಗಬಹುದು; ಈಗಿನ 145/80 ಆರ್12ಕ್ಕಿಂತ ಚಕ್ರದ ಎತ್ತರ 5 ಮಿ.ಮೀ. ಅಷ್ಟೇ ಕಡಿಮೆಯಾಗುತ್ತದೆ. 165/70 ಆರ್13ಕ್ಕೆ ಹೋದರೆ ಎತ್ತರ 24 ಮಿ.ಮೀ. ಹೆಚ್ಚುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಒಳಗೆ ಉಜ್ಜುವ ಸಂಭವವಿದೆ, ಮೀಟರು 100 ತೋರಿಸುವಾಗ ಮೊದಲಿಗಿಂತ ನಾಲ್ಕೂವರೆ ಕಿ.ಮೀ. ಹೆಚ್ಚು ವೇಗದಲ್ಲಿರುತ್ತೀರಿ. 48 ಪಿ.ಎಸ್. ಎಂಜಿನ್ನಿಗೆ ಆ ಭಾರದ ಚಕ್ರ ಉರುಳಿಸುವುದೇ ಸಾಕುಬೇಕಾಗುತ್ತದೆ.