ಶಾಲು ಹೊದಿಸಿದಿರಿ, ಸುತ್ತೋಲೆ?

*ನಮ್ಮ ಸರ್ಕಾರಿ ಕಚೇರಿಯಲ್ಲಿ ಕಣ್ಣು ಕಾಣದ ಸಹೋದ್ಯೋಗಿಯೊಬ್ಬರಿದ್ದಾರೆ. ಪ್ರತಿ ಡಿಸೆಂಬರ್ 3ಕ್ಕೆ, ವಿಶ್ವ ಅಂಗವಿಕಲರ ದಿನದಂದು, ನೌಕರರ ಸಂಘದಿಂದ ಶಾಲು ಹೊದಿಸಿ ಸನ್ಮಾನಿಸುತ್ತೇವೆ. ಆದರೂ ಸುತ್ತೋಲೆ ಬೇರೆ ರೀತಿ ಬೇಕು, ಅದು ಬೇಕು, ಇದು ಬೇಕು ಎಂದು ಅರ್ಜಿ ಬರೆಯುತ್ತಲೇ ಇರುತ್ತಾರೆ. ಎಲ್ಲವನ್ನೂ ಫೈಲ್ ಮಾಡಿಟ್ಟಿದ್ದೇನೆ. ಸಂಘ ಎಲ್ಲರದ್ದು, ಒಬ್ಬರಿಗಾಗಿ ಎಷ್ಟೆಂದು ಓಡಾಡುವುದು?*
*– ಸಂಘದ ಕಾರ್ಯದರ್ಶಿ, ಹಾವೇರಿ ಜಿಲ್ಲೆ*

ಕಾರ್ಯದರ್ಶಿಗಳೇ, ಸಂಘ ಎಲ್ಲರದ್ದು ಎಂಬ ಮಾತು ಒಪ್ಪಿದೆ. ಬಡ್ತಿ, ತುಟ್ಟಿಭತ್ಯೆ, ವರ್ಗಾವಣೆ ಅಂತ ನಿಮಗೂ ನೂರೆಂಟು ತಾಪತ್ರಯ. ಆದರೆ ಆ ‘ಎಲ್ಲರ’ ಲೆಕ್ಕದಲ್ಲಿ ಇವರಿದ್ದಾರೋ, ಡಿಸೆಂಬರಿಗೊಮ್ಮೆ ಬಂದುಹೋಗುವ ಅತಿಥಿಯೋ?

ಸುತ್ತೋಲೆ ‘ಬೇರೆ ರೀತಿ’ ಅಂದರೇನೆಂದು ನೀವು ಕೇಳಿದಂತಿಲ್ಲ. ನನಗೂ ಗೊತ್ತಿರಲಿಲ್ಲ, ನಮಗೆ ಬರೆಯುವ ದೃಷ್ಟಿಹೀನ ಗೆಳೆಯರೊಬ್ಬರ ಪಕ್ಕ ಒಂದು ಮಧ್ಯಾಹ್ನ ಕೂರುವವರೆಗೆ. ಅವರ ಕಂಪ್ಯೂಟರಿನಲ್ಲಿ ಎನ್‌ವಿಡಿಎ ಎಂಬ, ಪರದೆಯ ಮೇಲಿನ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಇಬ್ಬರು ದೃಷ್ಟಿಹೀನ ಗೆಳೆಯರು 2006ರಲ್ಲಿ ಶುರುಮಾಡಿದ್ದು, ಪುಕ್ಕಟೆ ಸಿಗುತ್ತದೆ. ನನ್ನ ಸಂಪಾದಕೀಯವನ್ನು ಅದು ನನಗಿಂತ ಸರಾಗವಾಗಿ ಓದಿತು. ಆಮೇಲೆ ಅವರು ಸುತ್ತೋಲೆಯೊಂದನ್ನು ತೆರೆದರು. ಯಾರೋ ಸಹಿ, ಮೊಹರು ಹಾಕಿಸಿ, ಸೊಟ್ಟಗೆ ಸ್ಕ್ಯಾನ್ ಮಾಡಿ ವಾಟ್ಸ್‌ಆ್ಯಪಿಗೆ ಬಿಟ್ಟ ಹಾಳೆ. ತಂತ್ರಾಂಶ ಬಾಯೇ ಬಿಡಲಿಲ್ಲ. ಅದರ ಪಾಲಿಗೆ ಅದು ಬರೀ ಚಿತ್ರ. ಟೈಪು ಮಾಡಿದವರ ಯಂತ್ರದಲ್ಲಿ ಮೂಲ ಕಡತ ಇದ್ದೇ ಇರುತ್ತದಲ್ಲ, ಅದನ್ನೂ ಜೊತೆಗೆ ಕಳಿಸಿದ್ದರೆ ಆಗುತ್ತಿತ್ತು.

ಆಗುತ್ತಿತ್ತೇ? ಅದು ಹಳೆಯ ನುಡಿ ಫಾಂಟಿನಲ್ಲಿದ್ದರೆ ಕೇಳಿಸುವುದು ಬರೀ ಗೊಜಲು. ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್ ಅಕ್ಷರಕ್ಕೆ ಬನ್ನಿ ಎಂದು ನಾನು ಇದೇ ಅಂಕಣದಲ್ಲಿ ಗಂಟಲು ಹರಿದುಕೊಂಡು ಎಷ್ಟು ವರ್ಷವಾಯಿತು! ಕನ್ನಡದ ಬಗ್ಗೆ ಭಾಷಣ ಮಾಡಲು ನವೆಂಬರಿಡೀ ಪುರಸೊತ್ತಿದೆ, ಫಾಂಟು ಬದಲಿಸಲು ಯಾರಿಗೂ ಇಲ್ಲ.

ಇನ್ನು ಕಾನೂನು. ಅಂಗವಿಕಲ ನೌಕರರಿಗೆ ತಕ್ಕ ಅನುಕೂಲ ಒದಗಿಸಲೇಬೇಕು ಎನ್ನುತ್ತದೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ. ಸೇವೆಯಲ್ಲಿರುವಾಗ ಕಣ್ಣೋ ಕಾಲೋ ಹೋದರೆ ಕೆಲಸದಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ ಎನ್ನುವುದೂ ಅದೇ. ನಾಳೆ ನಿಮಗೂ ನನಗೂ ಬೇಕಾದೀತು. 23ನೇ ಕಲಮಿನ ಪ್ರಕಾರ ದೂರು ಕೇಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಿರಬೇಕು. ದೂರು ದಾಖಲಾದ 2 ವಾರದೊಳಗೆ ಅವರು ವಿಚಾರಣೆ ನಡೆಸಬೇಕು. ನಿಮ್ಮಲ್ಲಿ ಆ ಅಧಿಕಾರಿ ಯಾರು? ನಿಮ್ಮ ಫೈಲಿನಲ್ಲಿರುವ ಅರ್ಜಿಗಳು ಅವರ ಮೇಜಿಗೆ ಹೋಗಬೇಕಾದವು.

ಹರಿದು ಬಿಸಾಡದೆ ಇಟ್ಟುಕೊಂಡಿದ್ದೀರಿ, ನಿಮ್ಮ ಮೇಲೆ ನನಗೆ ಭರವಸೆಯಿದೆ. ಮುಂದಿನ ಸಲ ಸಂಘದ ಕಾರ್ಯಕಾರಿ ಸಮಿತಿಗೆ ಆ ಸಹೋದ್ಯೋಗಿಯನ್ನೇ ನಿಲ್ಲಿಸಿ. ಸಭೆಯ ನೋಟಿಸನ್ನು ಮಾತ್ರ ದಯವಿಟ್ಟು ಫೋಟೊ ಹೊಡೆದು ಕಳಿಸಬೇಡಿ.

– ಸಂ.